ಅಜ್ಜನ ಊರು ಕೇಳಿದ ಸರ್ಕಾರ

ಆಗುಂಬೆ ಘಟ್ಟದ 14 ತಿರುವುಗಳನ್ನು ಬಸ್ಸಿನಲ್ಲಿ ಇಳಿಯುವವರಿಗೆ ಅಲ್ಲೊಂದು ಗಡಿಯಿತ್ತೆಂದರೆ ನಗು ಬಂದೀತು. 1947ರವರೆಗೆ ಘಟ್ಟದ ಮೇಲೆ ಹುಟ್ಟಿದವನು ಮೈಸೂರು ಮಹಾರಾಜರ ಪ್ರಜೆ. ಇಂಗ್ಲಿಷರ ಕಾನೂನಿಗೆ ಬರಿಯ ‘ಬ್ರಿಟಿಷ್ ರಕ್ಷಿತ ವ್ಯಕ್ತಿ’. ಕೆಳಗೆ ಸೋಮೇಶ್ವರದಲ್ಲಿ ಹುಟ್ಟಿದವನು ಮದರಾಸು ಪ್ರಾಂತ್ಯದವನಾದ್ದರಿಂದ ‘ಬ್ರಿಟಿಷ್ ಪ್ರಜೆ’. ಒಂದೇ ಮಳೆಯಲ್ಲಿ ನೆನೆದ ಇಬ್ಬರಿಗೆ ಎರಡು ಹೆಸರು. ಆ ದೊಡ್ಡ ಹೆಸರಿನ ನಿಜವಾದ ಬೆಲೆ ಏನೆಂಬುದು ಅದನ್ನು ನಂಬಿ ಸಮುದ್ರ ದಾಟಿದವರಿಗೆ ತಿಳಿಯಿತು.

ಕೀನ್ಯಾ, ಉಗಾಂಡಗಳ ರೈಲ್ವೆ, ಅಂಚೆ, ಖಜಾನೆಗಳಲ್ಲಿ ಲೆಕ್ಕ ಬರೆದವರು ಬಹುಮಟ್ಟಿಗೆ ನಮ್ಮ ದೇಶದ ಕಡೆಯಿಂದ ಹೋದವರು. ಪಂಜಾಬಿನವರು, ಗುಜರಾತಿನವರು, ಗೋವೆಯವರು (ಇವರು ಪೋರ್ಚುಗಲ್ಲಿನ ಪ್ರಜೆಗಳು, ಚಾಕರಿ ಮಾತ್ರ ಇಂಗ್ಲಿಷರದು). ಮಂಗಳೂರಿನ ಕಡೆಯವರೂ ಇದ್ದರು. ಕಚೇರಿಯಲ್ಲಿ ಬಿಳಿಯನಿಗೊಂದು ಸಂಬಳ, ಏಷ್ಯದವನಿಗೆ ಅದಕ್ಕಿಂತ ಕಡಿಮೆ, ಆಫ್ರಿಕನ್ನನಿಗೆ ಎಲ್ಲಕ್ಕಿಂತ ಕಡಿಮೆ. ಆದ್ದರಿಂದ ಸ್ವತಂತ್ರವಾದ ಕೀನ್ಯಾ ತನ್ನ ಮಕ್ಕಳಿಗೆ ಕುರ್ಚಿ ಕೇಳಿದ್ದನ್ನು ನಾವು ತಪ್ಪೆನ್ನುವುದಿಲ್ಲ. 1963ರ ಡಿಸೆಂಬರಿನಿಂದ ಎರಡು ವರ್ಷದೊಳಗೆ ಅಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಲು ಅವಕಾಶವಿತ್ತು. ಅನೇಕರು ಹಾಕಲಿಲ್ಲ. ಕೈಯಲ್ಲಿ ಬ್ರಿಟಿಷ್ ರಹದಾರಿ ಇದೆ, ಕಷ್ಟ ಬಂದರೆ ಬಾಗಿಲು ತೆರೆದೀತೆಂದು ನಂಬಿದರು. 1967ರಲ್ಲಿ ಕೀನ್ಯಾ ಸರ್ಕಾರ ಪರಕೀಯರ ಉದ್ಯೋಗಕ್ಕೆ ಪರವಾನಗಿ ಬೇಕೆಂದಾಗ ಕಷ್ಟ ಬಂದೇ ಬಂದಿತು.

ಆಗ ಲಂಡನ್ನಿನಲ್ಲಿ ಅಧಿಕಾರದಲ್ಲಿದ್ದದ್ದು ಶ್ರೀಮಂತರ ಪಕ್ಷವಲ್ಲ, ಸಮಾಜವಾದದ ಹೆಸರು ಹೇಳುವ ಲೇಬರ್ ಪಕ್ಷ. ಗೃಹಮಂತ್ರಿ ಜೇಮ್ಸ್ ಕ್ಯಾಲಹನ್. 1968ರ ಫೆಬ್ರವರಿಯ ಕೊನೆಯಲ್ಲಿ ಕೆಲವೇ ದಿನಗಳೊಳಗೆ ಮಸೂದೆ ತಂದು ಮಾರ್ಚ್ 1ಕ್ಕೆ ಕಾನೂನು ಮಾಡಿಬಿಟ್ಟರು. ರಹದಾರಿ ಇದ್ದರೆ ಸಾಲದು. ತಾನೋ ತಂದೆತಾಯಿಯೋ ಅಜ್ಜಅಜ್ಜಿಯೋ ಬ್ರಿಟನ್ನಿನ ನೆಲದಲ್ಲೇ ಹುಟ್ಟಿರಬೇಕು, ಇಲ್ಲವೆ ಅಲ್ಲಿಯ ಪೌರತ್ವ ಪಡೆದಿರಬೇಕು. ಗುಮಾಸ್ತನ ಮೂವತ್ತು ವರ್ಷದ ದುಡಿಮೆ ಲೆಕ್ಕಕ್ಕಿಲ್ಲ, ಅವನ ಅಜ್ಜನ ಹುಟ್ಟೂರು ಲೆಕ್ಕಕ್ಕೆ! ಉಳಿದವರಿಗೆ ವರ್ಷಕ್ಕೆ 1,500 ಚೀಟಿ ಎಂದು ಗೊತ್ತುಮಾಡಿದರು. ಇದು ಬಣ್ಣದ ಭೇದ, ಮನುಷ್ಯನನ್ನು ಹೀನಾಯಗೊಳಿಸುವ ನಡತೆ ಎಂದು ಯೂರೋಪಿನ ಮಾನವ ಹಕ್ಕುಗಳ ಆಯೋಗವೇ 1973ರಲ್ಲಿ ಹೇಳಿತು. ಲೇಬರ್ ಪಕ್ಷವನ್ನು ಸೋದರ ಪಕ್ಷವೆಂದು ಕರೆಯುವವರು ಇದನ್ನು ಮರೆಯಬಾರದು.

ದೊಡ್ಡ ಚಾಕರರಿಗೆ ಇಂಥ ಗತಿ ಬರಲಿಲ್ಲ. ವಸಾಹತುಗಳನ್ನು ಬಿಟ್ಟು ಹೋದ ಬಿಳಿಯ ಅಧಿಕಾರಿಗಳಿಗೆ ಪರಿಹಾರ ಸಿಕ್ಕಿತು. ನಮ್ಮಲ್ಲಿಯೂ ಐ.ಸಿ.ಎಸ್. ಅಧಿಕಾರಿಗಳ ಸಂಬಳ, ರಜೆ, ಪಿಂಚಣಿಗಳನ್ನು ಹಿಂದಿನಂತೆಯೇ ಉಳಿಸಲು ಸಂವಿಧಾನದಲ್ಲಿ 314ನೆಯ ವಿಧಿಯನ್ನೇ ಬರೆದರು. 1949ರ ಅಕ್ಟೋಬರಿನಲ್ಲಿ ಸರ್ದಾರ್ ಪಟೇಲರು ಸಭೆಯಲ್ಲಿ ಅದಕ್ಕಾಗಿ ವಾದಿಸಿದರು. ಕೊಟ್ಟ ಮಾತು ಉಳಿಸಬೇಕೆಂಬುದು ಸರಿಯೇ. ಆದರೆ 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸರಿಯಾದ ಕೊಳಗದಿಂದ ಗೇಣಿ ಅಳೆಯಿರೆಂದಾಗ ಅವರಿಗೆ ಸಿಕ್ಕಿದ್ದು ಜೈಲು. ಆ ವಿಧಿ ರದ್ದಾದದ್ದು 1972ರಲ್ಲಿ.

ಹಾಂಗ್‌ಕಾಂಗನ್ನು ಚೀನಕ್ಕೆ ಒಪ್ಪಿಸುವ ಕಾಲ ಹತ್ತಿರವಾದಾಗ ಬ್ರಿಟನ್ 1990ರಲ್ಲಿ ಇನ್ನೊಂದು ಕಾನೂನು ಮಾಡಿ, ಅಲ್ಲಿಯ 50,000 ಕುಟುಂಬಗಳ ಯಜಮಾನರನ್ನು ಆರಿಸಿ ಪೌರತ್ವ ಕೊಡಲು ಹೊರಟಿತು. ಅದರಲ್ಲಿ ಸರ್ಕಾರಿ ಅಧಿಕಾರಿಗಳಿಗೂ ಪಾಲಿತ್ತು. ಬೇಕೆಂದರೆ ಬಾಗಿಲು ತೆರೆಯಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಪೂರ್ವ ಆಫ್ರಿಕದವರಂತೆ ಬ್ರಿಟಿಷ್ ರಹದಾರಿಯೊಂದನ್ನೇ ಹಿಡಿದು, ಬೇರೆ ಯಾವ ದೇಶದ ಪೌರತ್ವವೂ ಇಲ್ಲದೆ ಉಳಿದವರಿಗೆ ಪೂರ್ಣ ಪೌರತ್ವದ ದಾರಿ ಬಿಟ್ಟ ಕಾನೂನು ಬಂದದ್ದು 2002ರಲ್ಲಿ. 1968ರಲ್ಲಿ 40 ವರ್ಷದವನಾಗಿದ್ದ ಗುಮಾಸ್ತ, ಬದುಕಿದ್ದರೆ, ಆಗ 74ರ ಮುದುಕ.