ಕೊಳಲು ಹಿಡಿಯುವ ಕೈ



ಕಳೆದ ತಿಂಗಳು ಬಳ್ಳಾರಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಐದನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಶಾಲೆಯ ಸಂಗೀತದ ತರಗತಿಗಾಗಿ ಕೊಂಡ ಹೊಸ ವಾದ್ಯವನ್ನು ತಂದು ತೋರಿಸಿದಳು. ಕೆನೆಬಣ್ಣದ ಪ್ಲಾಸ್ಟಿಕ್ಕಿನದು; ಒಂದು ಅಡಿಗಿಂತ ತುಸು ಉದ್ದ; ಮುಂದೆ ಏಳು ರಂಧ್ರಗಳು, ಹಿಂದೆ ಒಂದು. "ತಾತ, ಇದಕ್ಕೆ ರೆಕಾರ್ಡರ್ ಅಂತಾರೆ" ಎಂದು ಹೇಳಿ ಮಂಚದ ಅಂಚಿನಲ್ಲಿ ಕುಳಿತು ಊದಿದಳು. ಕಿವಿಗೆ ಚುಚ್ಚುವಂತೆ 'ಕೀ' ಎಂದಿತು. ಅಡುಗೆಮನೆಯಿಂದ ಅವಳ ತಾಯಿಯ ಧ್ವನಿ ಕೇಳಿತು: "ನೆಟ್ಟಗೆ ಕೂತ್ಕೋ! ಕೈ ಸರಿಯಾಗಿ ಹಿಡ್ಕೋ!"

ಮಗು ನೆಟ್ಟಗೆ ಕುಳಿತಿತು. ಭುಜಗಳೆರಡೂ ಕಿವಿಯವರೆಗೆ ಏರಿದವು, ಮೊಣಕೈಗಳು ಪಕ್ಕೆಗೆ ಅಂಟಿಕೊಂಡವು, ಬೆರಳ ತುದಿಗಳು ಒತ್ತಿ ಒತ್ತಿ ಬೆಳ್ಳಗಾದವು. ಎರಡನೆಯ ಸಲ ಬಂದ ಧ್ವನಿ ಮೊದಲನೆಯದಕ್ಕಿಂತ ಕರ್ಕಶವಾಗಿತ್ತು.

ಮಗಳನ್ನು ನಾನು ಏನೂ ಅನ್ನಲಿಲ್ಲ. ಏಕೆಂದರೆ ಆ ಮಾತು ಅವಳದಲ್ಲ, ನನ್ನದು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ತರಗತಿಗಳಲ್ಲಿ, ಪ್ರಾರ್ಥನೆಯ ಸಾಲುಗಳಲ್ಲಿ, ಶಾಲೆಯ ಬ್ಯಾಂಡಿನ ಅಭ್ಯಾಸದಲ್ಲಿ ನಾನೇ ಹೇಳುತ್ತ ಬಂದ ಮಾತು. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ಬೆನ್ನಿಗೆ ಅದರ ನೆನಪು ಇನ್ನೂ ಇರಬಹುದು. ಆ ಮಾತಿನಲ್ಲಿ ಎಷ್ಟು ಸರಿಯಿತ್ತು, ಎಷ್ಟು ತಪ್ಪಿತ್ತು ಎಂಬುದನ್ನು ಈ ವಯಸ್ಸಿನಲ್ಲಾದರೂ ಒಮ್ಮೆ ಲೆಕ್ಕ ಹಾಕಬೇಕೆನಿಸಿದೆ.

ರೆಕಾರ್ಡರ್ ಪರದೇಶದ ವಾದ್ಯ, ನಮಗೇಕೆ ಎನ್ನುವವರಿಗೆ ಮೊದಲೊಂದು ಮಾತು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ಬಾಲ್ಯದಲ್ಲಿ ನಾನು ಹಟ ಮಾಡಿ ಕೊಡಿಸಿಕೊಳ್ಳುತ್ತಿದ್ದ ಬಿದಿರಿನ ಕೊಳಲನ್ನು ನೆನೆಯಿರಿ. ಅದನ್ನು ಅಡ್ಡ ಹಿಡಿಯುವುದಲ್ಲ, ತುದಿಯನ್ನು ಬಾಯಲ್ಲಿಟ್ಟು ಊದುವುದು. ಬಾಯಿಯ ತುದಿಗೆ ಮರದ ಬಿರಡೆ. ಬಿರಡೆಯ ಮೇಲೊಂದು ಸಣ್ಣ ಸಂದು. ಅದರ ಮುಂದೆ ಚೂಪಾಗಿ ಕೊಯ್ದ ಕಿಂಡಿ. ಸಂದಿನಿಂದ ಬಂದ ಗಾಳಿ ಕಿಂಡಿಯ ಅಂಚಿಗೆ ತಾಗಿ ನಾದವಾಗುತ್ತದೆ. ರೆಕಾರ್ಡರಿನ ಒಳಗುಟ್ಟೂ ಇದೇ. ಯುರೋಪಿನಲ್ಲಿ ಶತಮಾನಗಳ ಹಿಂದೆ ಮೆರೆದು, ಆಮೇಲೆ ಮೂಲೆ ಸೇರಿದ್ದ ಆ ವಾದ್ಯವನ್ನು ಇಂಗ್ಲೆಂಡಿನಲ್ಲಿ ಅರ್ನಾಲ್ಡ್ ಡೋಲ್ಮೆಚ್ ಎಂಬವರು 1919ರಲ್ಲಿ ಮತ್ತೆ ತಯಾರಿಸಿದರು. 1930ರ ದಶಕದಲ್ಲಿ ಅದು ಅಲ್ಲಿನ ಶಾಲೆಗಳನ್ನು ಹೊಕ್ಕಿತು. ಎರಡನೆಯ ಮಹಾಯುದ್ಧದ ನಂತರ ಪ್ಲಾಸ್ಟಿಕ್ಕಿನಲ್ಲಿ ಅಗ್ಗವಾಗಿ ಬಂದುದರಿಂದ ಲೋಕದ ಮಕ್ಕಳ ಕೈಗೆಲ್ಲ ದಕ್ಕಿತು. ಆದ್ದರಿಂದ ಮೊಮ್ಮಗಳ ಕೈಯಲ್ಲಿದ್ದುದು ನನ್ನ ಜಾತ್ರೆಯ ಕೊಳಲಿನ ದೂರದ ನೆಂಟನೇ.

ಈಗ ಕುಳಿತುಕೊಳ್ಳುವ ವಿಷಯಕ್ಕೆ ಬರೋಣ. ಬೆನ್ನು ನೆಟ್ಟಗಿರಬೇಕು ಎನ್ನುವುದು ಸುಳ್ಳಲ್ಲ. ಆದರೆ ಅದು ನೋಡುವವರ ಕಣ್ಣಿಗಾಗಿ ಅಲ್ಲ, ಊದುವವರ ಉಸಿರಿಗಾಗಿ. ಉಸಿರಾಟದ ಪಾಠದಲ್ಲಿ ನಿಮಗೆ ವಪೆಯ ಚಿತ್ರ ಬರೆಸಿದ್ದೆ. ಎದೆಗೂಡಿಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಹರಡಿರುವ ಆ ಸ್ನಾಯು ಉಸಿರೆಳೆದುಕೊಂಡಾಗ ಕೆಳಗಿಳಿಯಬೇಕು, ಹೊಟ್ಟೆ ತುಸು ಮುಂದೆ ಬರಬೇಕು. ಗೂನು ಬೆನ್ನಿನಲ್ಲಿ ಮುದುಡಿ ಕುಳಿತರೆ ಅದಕ್ಕೆ ಇಳಿಯಲು ಎಡೆಯಿಲ್ಲ. ಎದೆಯುಬ್ಬಿಸಿ ಸೆಟೆದು ಕುಳಿತರೂ ಹೊಟ್ಟೆ ಬಿಗಿದು ಅದೇ ತೊಂದರೆ. ಹೀಗೆ ಮುದುಡುವುದೂ ತಪ್ಪು, ಸೆಟೆಯುವುದೂ ತಪ್ಪು. ನೆಟ್ಟಗಿರುವುದು ಬೇರೆ, ಬಿಗಿಯಾಗಿರುವುದು ಬೇರೆ. ನಾವು ಮೇಷ್ಟರುಗಳು ಮೊದಲನೆಯದನ್ನು ಬಯಸಿ ಎರಡನೆಯದನ್ನು ಮಕ್ಕಳಿಗೆ ಕಲಿಸಿಬಿಟ್ಟೆವು.

ಹಂಪಿಯ ಗುಡಿಗಳ ಕಂಬಗಳಲ್ಲಿ ವೇಣುಗೋಪಾಲನನ್ನು ನೀವು ನೋಡಿದ್ದೀರಿ. ಒಂದು ಕಾಲನ್ನು ಇನ್ನೊಂದರ ಮೇಲೆ ಅಡ್ಡಲಾಗಿಟ್ಟು, ಸೊಂಟ ಬಳುಕಿಸಿ, ಕೊರಳು ವಾಲಿಸಿ ನಿಂತಿದ್ದಾನೆ. ಅವನನ್ನು 'ಸಾವಧಾನ್' ಎಂದು ಡ್ರಿಲ್ಲಿನ ಭಂಗಿಯಲ್ಲಿ ನಿಲ್ಲಿಸಬೇಕೆಂದು ಯಾವ ಶಿಲ್ಪಿಗೂ ತೋಚಲಿಲ್ಲ. ದೇವರ ಭಂಗಿಯನ್ನು ಮಕ್ಕಳು ಅನುಸರಿಸಲಿ ಎಂದು ನಾನು ಹೇಳುತ್ತಿಲ್ಲ; ಅರ್ಧ ಗಂಟೆ ಹಾಗೆ ನಿಂತರೆ ಸೊಂಟ ಹಿಡಿಯುತ್ತದೆ. ಆದರೆ ಆ ಮೈಯಲ್ಲಿ ಎಲ್ಲಿಯೂ ಬಿಗಿತವಿಲ್ಲ ಎಂಬುದನ್ನು ಗಮನಿಸಿರಿ.

ಮಕ್ಕಳಿಗೆ ಹೇಳಬೇಕಾದುದು ಇಷ್ಟೇ. ಕುರ್ಚಿಯಲ್ಲಿ ಒರಗದೆ ತುಸು ಮುಂದಕ್ಕೆ ಕುಳಿತು ಪಾದಗಳೆರಡನ್ನೂ ನೆಲಕ್ಕೆ ಊರಲಿ. ನೆಲಕ್ಕೆ ಕಾಲು ಎಟುಕದಿದ್ದರೆ ನಿಂತು ನುಡಿಸಲಿ. ಭುಜಗಳು ತಾವಾಗಿ ಇಳಿದಿರಲಿ. ಮೊಣಕೈಗಳು ಪಕ್ಕೆಯಿಂದ ಸ್ವಲ್ಪ ದೂರವಿರಲಿ. ವಾದ್ಯವನ್ನು ಬಾಯಿಗೆ ತರಬೇಕೇ ಹೊರತು ಬಾಯನ್ನು ವಾದ್ಯಕ್ಕೆ ಒಯ್ಯಬಾರದು. ಹಾಗೆ ತಂದರೆ ತಲೆ ಬಾಗುವುದಿಲ್ಲ, ವಾದ್ಯವು ಮೈಯಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ನಿಲ್ಲುತ್ತದೆ. ತುದಿಯನ್ನು ತುಟಿಗಳಲ್ಲಿ ಹಿಡಿಯಬೇಕು, ಹಲ್ಲಿನಲ್ಲಿ ಕಚ್ಚಬಾರದು. ಇನ್ನು ಊದುವುದು: ದೀಪದ ಕುಡಿ ಬಾಗಬೇಕು, ಆರಬಾರದು; ಅಷ್ಟೇ ಉಸಿರು ಸಾಕು. ರೆಕಾರ್ಡರ್ 'ಕೀ' ಎನ್ನುವುದು ಹೆಚ್ಚಿನ ಸಲ ಜೋರಾಗಿ ಊದಿದ್ದರಿಂದ, ಇಲ್ಲವೇ ಬೆರಳಿನ ಕೆಳಗೆ ಕೂದಲೆಳೆಯಷ್ಟು ಸಂದು ಉಳಿದಿದ್ದರಿಂದ.

ಬೆರಳುಗಳಿಗೂ ಬಲ ಬೇಡ. ರಂಧ್ರವನ್ನು ಮುಚ್ಚಬೇಕಾದುದು ಉಗುರಿನ ಬಳಿಯ ತುದಿಯಲ್ಲ, ಬೆರಳಿನ ಮೆತ್ತನೆಯ ಭಾಗ. ನುಡಿಸಿ ಕೆಳಗಿಟ್ಟ ಮೇಲೆ ಬೆರಳನ್ನು ತಿರುಗಿಸಿ ನೋಡಿದರೆ ಅಲ್ಲಿ ಪೂರ್ತಿ ಉಂಗುರದ ಗುರುತು ಕಾಣಬೇಕು. ಅರ್ಧ ಉಂಗುರ ಕಂಡರೆ ಗಾಳಿ ಸೋರಿದೆ ಎಂದರ್ಥ. ಇದೂ ಆಯಾ ವಾದ್ಯದ ಅಳತೆಗೆ ತಕ್ಕ ನಿಯಮ. ಪನ್ನಾಲಾಲ್ ಘೋಷರು (1911–1960) ಬಳಕೆಗೆ ತಂದ ಉದ್ದನೆಯ ಬಾನ್ಸುರಿಯಲ್ಲಿ ರಂಧ್ರಗಳು ದೂರ ದೂರ ಇರುವುದರಿಂದ ಬೆರಳುಗಳನ್ನು ಚಪ್ಪಟೆಯಾಗಿ ಚಾಚಿ, ನಡುಗೆಣ್ಣಿನ ಭಾಗದಿಂದ ಮುಚ್ಚುತ್ತಾರೆ. ಒಂದು ವಾದ್ಯದ ಸರಿ ಇನ್ನೊಂದರ ತಪ್ಪು.

ಮೊಮ್ಮಗಳು ಕೇಳಿದಳು: "ಎಡಗೈ ಮೇಲೇನೇ ಇರಬೇಕಂತೆ. ಯಾಕೆ ತಾತ?" ಒಳ್ಳೆಯ ಪ್ರಶ್ನೆ. ಅದಕ್ಕೆ ಒಳ್ಳೆಯ ಉತ್ತರವೂ ಇದೆ. ಎಡಗೈಯ ಹೆಬ್ಬೆರಳು ಹಿಂದಿನ ರಂಧ್ರಕ್ಕೆ, ಮೂರು ಬೆರಳು ಮುಂದಿನ ಮೇಲಿನ ಮೂರಕ್ಕೆ. ಬಲಗೈಯ ನಾಲ್ಕು ಬೆರಳು ಕೆಳಗಿನ ನಾಲ್ಕಕ್ಕೆ, ಅದರ ಹೆಬ್ಬೆರಳು ಹಿಂದಿನಿಂದ ಆಸರೆಗೆ. ಕಟ್ಟಕಡೆಯ ರಂಧ್ರವನ್ನು ಬಲಗೈಯ ಕಿರುಬೆರಳಿಗೆ ಎಟುಕುವಂತೆ ಪಕ್ಕಕ್ಕೆ ಸರಿಸಿ ಕೊರೆದಿರುತ್ತಾರೆ. ಕೆಳಗಿನ ಎರಡು ಸ್ಥಾನಗಳಲ್ಲಿ ಸಾಮಾನ್ಯವಾಗಿ ಒಂದರ ಬದಲು ಎರಡು ಸಣ್ಣ ರಂಧ್ರಗಳಿದ್ದು, ಅವುಗಳ ಜೋಡಣೆಯೂ ಬಲಗೈಗೆ ಹೊಂದುವಂಥದ್ದು. ಕೈ ಅದಲುಬದಲಾದರೆ ಬೆರಳು ಸರಿಯಾಗಿ ಕೂರುವುದಿಲ್ಲ. ಎರಡು ಕೈಗಳಿಗೂ ಸಮನಾದ ಕೆಲಸವಿರುವುದರಿಂದ ಎಡಗೈ ಬಳಸುವ ಮಕ್ಕಳೂ ಇದನ್ನು ಕಲಿಯಬಲ್ಲರು. ಮೂರು ತುಂಡಿನ ವಾದ್ಯವಾದರೆ ಕೆಳತುಂಡನ್ನು ತುಸು ತಿರುಗಿಸಿ ಮಗುವಿನ ಕಿರುಬೆರಳಿಗೆ ಅನುಕೂಲ ಮಾಡಿಕೊಡಲೂಬಹುದು.

ಆದರೆ ಕೆಲವು ಶತಮಾನಗಳ ಹಿಂದಿನ ಯುರೋಪಿನ ವಾದ್ಯ ತಯಾರಕರು ಇದಕ್ಕಿಂತ ಉದಾರಿಗಳಾಗಿದ್ದರು. ಅವರು ಕಟ್ಟಕಡೆಯ ರಂಧ್ರವನ್ನು ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ಕೊರೆಯುತ್ತಿದ್ದರು. ಕೊಂಡವನು ಯಾವ ಕೈಯನ್ನು ಕೆಳಗಿಡುತ್ತಾನೋ ಆ ಕಡೆಯದನ್ನು ಉಳಿಸಿಕೊಂಡು ಇನ್ನೊಂದನ್ನು ಮೇಣದಿಂದ ಮುಚ್ಚಿಕೊಳ್ಳುತ್ತಿದ್ದ. ಒಂದು ಚಿಟಿಕೆ ಮೇಣದಲ್ಲಿ ಎಡಗೈ ಬಲಗೈ ಜಗಳ ಮುಗಿಯುತ್ತಿತ್ತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ.

1989ರಲ್ಲಿ ನಾನು ಸಿರುಗುಪ್ಪದ ಒಂದು ಪ್ರೌಢಶಾಲೆಯಲ್ಲಿದ್ದೆ. ಆಗಸ್ಟ್ 15ಕ್ಕೆ ಶಾಲೆಯ ಬ್ಯಾಂಡನ್ನು ಅಣಿಗೊಳಿಸುವ ಹೊಣೆ ನನ್ನದು. ಡ್ರಮ್ಮು, ತಾಳ, ಆರು ಅಡ್ಡಕೊಳಲು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಆ ಆರರಲ್ಲಿ ಒಬ್ಬ. ತುಂಗಭದ್ರೆಯ ದಂಡೆಯ ಹಳ್ಳಿಯಿಂದ ಬರುತ್ತಿದ್ದವನು, ಮಿತಭಾಷಿ, ಎಡಗೈಯವನು. ನಾನು ಹೇಳಿಕೊಡುವ ಮೊದಲೇ ಅವನಿಗೆ ಊದುವುದು ಬರುತ್ತಿತ್ತು. ಉಳಿದ ಐವರ ಕೊಳಲು ಬಲಕ್ಕೆ ಚಾಚಿದರೆ ಅವನದು ಎಡಕ್ಕೆ ಚಾಚುತ್ತಿತ್ತು. ಸಾಲಿನಲ್ಲಿ ನಡೆಯುವಾಗ ಪಕ್ಕದವನ ಕೊಳಲಿಗೆ ತಾಗುತ್ತಿತ್ತು, ಸಾಲಿನ ಅಂದವೂ ಕೆಡುತ್ತಿತ್ತು. ಕೈ ಬದಲಿಸಿಕೋ ಎಂದೆ. ಒಂದು ವಾರ ಪ್ರಯತ್ನಪಟ್ಟ. ಬೆರಳುಗಳು ತಡವರಿಸಿದವು, ಭುಜ ಬಿಗಿಯಿತು, ಸ್ವರ ಹೊರಡಲೇ ಇಲ್ಲ. ಎಲ್ಲರ ಮುಂದೆ ಅವನ ಕೈಯಿಂದ ಕೊಳಲು ತೆಗೆದುಕೊಂಡು ತಾಳವನ್ನು ಕೊಟ್ಟೆ. ಅವನು ಮರುಮಾತಾಡಲಿಲ್ಲ. ಆಗಸ್ಟ್ 15ರಂದು ತಾಳ ತಪ್ಪದೆ ಬಾರಿಸಿದ. ಮೆರವಣಿಗೆ ಚೆನ್ನಾಗಿತ್ತೆಂದು ನನ್ನನ್ನು ಎಲ್ಲರೂ ಹೊಗಳಿದರು.

ಬ್ಯಾಂಡಿನ ಕೊಳಲಿನಲ್ಲಿ ಆರು ರಂಧ್ರಗಳು ಒಂದೇ ಸಾಲಿನಲ್ಲಿರುತ್ತವೆ. ಎಡಕ್ಕೆ ಹಿಡಿದರೂ, ಬಲಕ್ಕೆ ಹಿಡಿದರೂ ಅದು ಒಂದೇ ಸ್ವರವನ್ನು ಕೊಡುತ್ತದೆ. ರೆಕಾರ್ಡರಿಗಿರುವ ಕಾರಣ ಅದಕ್ಕಿರಲಿಲ್ಲ. ಪಂಡಿತ್ ಹರಿಪ್ರಸಾದ್ ಚೌರಾಸಿಯಾ ಅವರು ಕೊಳಲನ್ನು ಹಿಡಿಯುವುದು ಎಡಕ್ಕೇ. ಮೊದಲು ಬಲಕ್ಕೆ ಹಿಡಿಯುತ್ತಿದ್ದ ಅವರು ಅನ್ನಪೂರ್ಣಾ ದೇವಿಯವರಲ್ಲಿ ಶಿಷ್ಯತ್ವ ಬೇಡಿದಾಗ, ಎಲ್ಲವನ್ನೂ ಹೊಸದಾಗಿ ಕಲಿಯುವ ನಿಷ್ಠೆಯನ್ನು ತೋರಲು ಕೈ ಬದಲಿಸಿಕೊಂಡರೆಂಬುದು ಪ್ರಸಿದ್ಧ ಸಂಗತಿ. ಅದು ಅವರು ತಾವೇ ಆರಿಸಿಕೊಂಡದ್ದು. ನನ್ನ ಹುಡುಗನಿಗೆ ಆರಿಸಿಕೊಳ್ಳುವ ಅವಕಾಶವಿರಲಿಲ್ಲ. 1989ರ ಹೊತ್ತಿಗೆ ದೂರದರ್ಶನದಲ್ಲಿ ನಾನು ಅವರ ಕಛೇರಿಯನ್ನು ನೋಡಿದ್ದೆ. ಕಿವಿಗೊಟ್ಟು ಕೇಳಿದ್ದೆನೇ ಹೊರತು ಅವರ ಕೈಯನ್ನು ನೋಡಿರಲಿಲ್ಲ.

ಸಾಲಿನ ತೊಂದರೆ ನಿಜವಾದದ್ದೇ ಎಂದು ನನಗೆ ನಾನೇ ಬಹುಕಾಲ ಸಮಾಧಾನ ಹೇಳಿಕೊಂಡೆ. ಅದಕ್ಕೂ ಪರಿಹಾರವಿತ್ತು. ಅವನನ್ನು ಸಾಲಿನ ಎಡತುದಿಗೆ ನಿಲ್ಲಿಸಿದ್ದರೆ ಸಾಕಿತ್ತು. ಅವನ ಕೊಳಲು ಬಯಲಿಗೆ ಚಾಚುತ್ತಿತ್ತು, ಯಾರಿಗೂ ತಾಗುತ್ತಿರಲಿಲ್ಲ. ಇಷ್ಟು ಸಣ್ಣ ವಿಚಾರ ನನಗೆ ಹೊಳೆಯಲು ಇಪ್ಪತ್ತು ವರ್ಷಗಳು ಬೇಕಾದವು. ಬಿ.ಎಡ್. ತರಬೇತಿಯಲ್ಲಿ ವೈಯಕ್ತಿಕ ಭಿನ್ನತೆ ಎಂಬ ಅಧ್ಯಾಯವನ್ನು ಓದಿ ಒಳ್ಳೆಯ ಅಂಕ ಪಡೆದಿದ್ದವನು ನಾನು.

ಎರಡು ವರ್ಷಗಳ ಹಿಂದೆ ಕುರುಗೋಡಿನ ಜಾತ್ರೆಯಲ್ಲಿ ಆಟಿಕೆಯ ಅಂಗಡಿಗಳ ಬಳಿ ಒಬ್ಬರು ಬಂದು ಕಾಲಿಗೆ ನಮಸ್ಕರಿಸಿದರು. ನನಗೆ ಗುರುತು ಹತ್ತಲಿಲ್ಲ. "ನಾನು ಸಾರ್, ಬ್ಯಾಂಡಿನಾಗ ತಾಳ ಹೊಡೀತಿದ್ನಲ್ಲ, ಅವನು" ಎಂದರು. ತಾನು ಕೊಳಲಿನವನೆಂದು ಅವನು ಹೇಳಲಿಲ್ಲ. ಈಗ ಭತ್ತ ಬೆಳೆಯುತ್ತಾನೆ. ಪಕ್ಕದಲ್ಲಿ ಹತ್ತು ವರ್ಷದ ಮಗನಿದ್ದ. ಈಗಲೂ ಊದುತ್ತೀಯೇನಪ್ಪ ಎಂದು ಕೇಳಿದೆ. "ಇಲ್ಲ ಸಾರ್. ಅವತ್ತು ಬಿಟ್ಟಿದ್ದು, ಮತ್ತೆ ಮುಟ್ಲಿಲ್ಲ. ನಂಗ ಬರಲ್ಲ ಅಂತ ಬಿಟ್ಟೆ" ಎಂದ. ಬರುತ್ತಿತ್ತು, ನಾನೇ ಕೆಡಿಸಿದೆ, ತಪ್ಪು ನನ್ನದು ಎಂದೆ. ಅವನು ನಾಚಿಕೊಂಡು, "ಅಯ್ಯೋ ಬಿಡ್ರಿ ಸಾರ್, ಎಷ್ಟು ಹಳೇ ಮಾತು" ಎಂದು ಮಾತು ತಿರುಗಿಸಿದ. ಅಷ್ಟರಲ್ಲಿ ಮಗ ಅಂಗಡಿಯ ಕೊಳಲೊಂದನ್ನು ಎತ್ತಿಕೊಂಡು ಊದತೊಡಗಿದ್ದ. ಯಾವ ಕೈ ಮೇಲಿದೆಯೆಂದು ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಯಿತು. ಬಲಗೈ ಮೇಲಿತ್ತು. ಅವನಪ್ಪ ಏನೂ ಅನ್ನಲಿಲ್ಲ, ಹಣ ಕೊಟ್ಟ.

ನನ್ನ ಅಭಿಪ್ರಾಯವಿಷ್ಟು. ಮಕ್ಕಳಿಗೆ ಮೈಯ, ಕೈಯ ಶಿಸ್ತನ್ನು ಕಲಿಸಲೇಬೇಕು. ತಪ್ಪು ಅಭ್ಯಾಸ ಮೊದಲ ತಿಂಗಳಲ್ಲಿ ಬೇರೂರಿದರೆ ಕೀಳುವುದು ಕಷ್ಟ. ಆದರೆ ಪ್ರತಿಯೊಂದು ನಿಯಮದ ಜೊತೆಗೆ ಅದರ ಕಾರಣವನ್ನೂ ಹೇಳಿರಿ. ಉಸಿರಿಗಾಗಿ, ಸ್ವರಕ್ಕಾಗಿ, ನೋವಾಗದಿರುವುದಕ್ಕಾಗಿ ಇರುವ ನಿಯಮವನ್ನು ಪ್ರೀತಿಯಿಂದ ಹಟ ಹಿಡಿದು ಕಲಿಸಿರಿ. ಸಾಲಿನ ಅಂದವೊಂದೇ ಕಾರಣವಾಗಿದ್ದರೆ ಮಗುವಿನ ಕೈಯನ್ನು ಬಿಟ್ಟು ಸಾಲನ್ನೇ ಬದಲಿಸಿರಿ. ನಿಮ್ಮಲ್ಲಿ ಅನೇಕರು ಈಗ ಮೇಷ್ಟರು, ಮೇಡಂಗಳು ಆಗಿದ್ದೀರಿ, ಉಳಿದವರು ತಂದೆತಾಯಿಗಳು. ಆದ್ದರಿಂದಲೇ ಇದನ್ನು ನಿಮಗೆ ಬರೆದೆ.

ಅಂದು ಸಂಜೆ ಮೊಮ್ಮಗಳನ್ನು ಎದುರು ಕೂರಿಸಿಕೊಂಡು, ವಾದ್ಯವನ್ನು ಕೆಳಗಿಡಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ನಾಲ್ಕು ಸಲ ಸುಮ್ಮನೆ ಉಸಿರಾಡಲು ಹೇಳಿದೆ. ಭುಜಗಳು ತಾವಾಗಿ ಇಳಿದವು. ಎಡಗೈಯ ಬೆರಳುಗಳಿಂದಷ್ಟೇ ಮೂರು ಸ್ವರ ಬರುತ್ತವೆ. ಅವಿಷ್ಟೇ ಸಾಕು, ಮೆಲ್ಲಗೆ ಊದು ಎಂದೆ. ಊದಿದಳು. ಆಮೇಲೆ ಬೆರಳುಗಳನ್ನು ತಿರುಗಿಸಿ ನೋಡಿ, "ತಾತ, ಎರಡು ಉಂಗುರ ಪೂರ್ತಿ ಇದೆ, ಒಂದು ಅರ್ಧ" ಎಂದಳು. ನಾಳೆ ಅದೂ ಪೂರ್ತಿಯಾಗುತ್ತದೆ ಎಂದೆ.

ಆ ಹುಡುಗ ಇದನ್ನು ಓದುತ್ತಾನೋ ಇಲ್ಲವೋ. ನಿಮ್ಮಲ್ಲಿ ಅವನ ಸಹಪಾಠಿಗಳು ಇದ್ದೀರಿ. ಕಂಡರೆ ಮೇಷ್ಟರು ಕೇಳಿದರೆಂದು ತಿಳಿಸಿರಿ. ಬಿದಿರಿನ ಅಡ್ಡಕೊಳಲೊಂದನ್ನು ತಂದು ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಯಾವ ಕೈಯಲ್ಲಿ ಹಿಡಿದರೂ ಸರಿ, ಒಮ್ಮೆ ಬರಲಿ.