ಕೈಬಿಡುವ ಮುನ್ನ ಲೆಕ್ಕ ಕೊಡಿ

ಆಟಗಾರರ ಹರಾಜು ಮುಗಿದ ಮರುದಿನ ಕರ್ನಾಟಕದಲ್ಲಿ ಪ್ರತಿ ಸಲ ಏಳುವುದು ಒಂದೇ ಪ್ರಶ್ನೆ: ನಮ್ಮ ತಂಡದಲ್ಲಿ ನಮ್ಮವರೆಲ್ಲಿ? 2024ರ ನವೆಂಬರಿನಲ್ಲಿ ಜಿದ್ದಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ಕೆ.ಎಲ್. ರಾಹುಲ್ ₹14 ಕೋಟಿಗೆ ದೆಹಲಿ ಪಾಲಾದರು, ಪ್ರಸಿದ್ಧ ಕೃಷ್ಣ ₹9.5 ಕೋಟಿಗೆ ಗುಜರಾತಿಗೆ ಹೋದರು. ಬೆಂಗಳೂರು ತಂಡ ಅದಕ್ಕೂ ಮೊದಲೇ ಉಳಿಸಿಕೊಂಡಿದ್ದ ವಿರಾಟ್ ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಈ ಮೂವರಲ್ಲಿ ಕರ್ನಾಟಕದ ಆಟಗಾರ ಒಬ್ಬನೂ ಇರಲಿಲ್ಲ. ದೇವದತ್ತ ಪಡಿಕ್ಕಲ್ ₹2 ಕೋಟಿಗೆ, ಮನೋಜ್ ಭಾಂಡಗೆ ₹30 ಲಕ್ಷಕ್ಕೆ ತಂಡಕ್ಕೆ ಬಂದರು. ಜನ ಸಿಟ್ಟಾದರು. 2025ರ ಜೂನ್ 3ರಂದು ಅದೇ ತಂಡ ಕಪ್ ಎತ್ತಿದಾಗ ಆ ಸಿಟ್ಟು ಕರಗಿತು. ಮುಂದಿನ ದೊಡ್ಡ ಹರಾಜಿನಲ್ಲಿ ಅದು ಮತ್ತೆ ಏಳುತ್ತದೆ, ಮತ್ತೆ ಆರುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳದ ಕಡೆಯಿಂದ ನೋಡುವವನಿಗೆ ಈ ಪ್ರಶ್ನೆ ಸರಿಯಾಗಿಯೇ ಕಾಣುತ್ತದೆ. ಆದರೆ ಕೇಳುವ ಹೊತ್ತು ತಡವಾಗಿದೆ. ಹರಾಜಿನ ಮೇಜಿಗೆ ಒಂದು ಹೆಸರು ಬರುವ ವೇಳೆಗೆ ಅದಕ್ಕಿಂತ ದೊಡ್ಡ ತೀರ್ಮಾನಗಳೆಲ್ಲ ಆಗಿಹೋಗಿರುತ್ತವೆ. ಯಾವ ಮಗುವನ್ನು ವಸತಿನಿಲಯಕ್ಕೆ ಸೇರಿಸಿಕೊಳ್ಳಬೇಕು, ಯಾರನ್ನು ಎರಡನೇ ವರ್ಷಕ್ಕೆ ಉಳಿಸಬೇಕು, ಮೊಣಕಾಲು ನೋವೆಂದವಳನ್ನು ಯಾವಾಗ ಮನೆಗೆ ಕಳಿಸಬೇಕು ಎಂಬ ತೀರ್ಮಾನಗಳು ಅವು. ಟಿವಿ ಕ್ಯಾಮೆರಾ ಇಲ್ಲದ ಕಡೆ ಆಗುವ ಈ ತೀರ್ಮಾನಗಳಿಗೆ ಯಾರೂ ಲೆಕ್ಕ ಕೊಡುವುದಿಲ್ಲ. ನನ್ನ ತಕರಾರು ಇಷ್ಟೇ: ಆಟಗಾರನನ್ನು ಕೈಬಿಡುವ ಹಕ್ಕು ಇರುವವರಿಗೆ ಅದರ ಹೊಣೆಯೂ ಇರಬೇಕು. ಆ ಹೊಣೆಯನ್ನು ಸರ್ಕಾರ ನಿಯಮವಾಗಿ ಬರೆದಿಡಬೇಕು.

ಇದಕ್ಕೆ ನಮ್ಮ ಸೀಮೆಯಲ್ಲೇ ನಡೆದದ್ದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಮಕ್ಕಳನ್ನು ಹುಡುಕಿಕೊಂಡು ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನ ಊರುಗಳಿಗೆ ಬಂತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ಮಾರ್ಗರೆಟ್ ಆಳ್ವ ಅವರ ಕೈಯಲ್ಲಿತ್ತು. ಬರಿಗಾಲಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದ ಹುಡುಗ ಹುಡುಗಿಯರನ್ನು ಓಡಿಸಿ, ಜಿಗಿಸಿ, ಅಳೆದು ಆರಿಸಿಕೊಂಡರು. ಊರು ಬಿಟ್ಟು ಹೊರಗೆ ಹೋಗದಿದ್ದ ಮಕ್ಕಳು ತರಬೇತಿ ಕೇಂದ್ರ ಸೇರಿದರು. ಅವರ ಪೈಕಿ ಕಮಲಾ ಸಿದ್ದಿಯಂಥವರ ಹೆಸರು ರಾಷ್ಟ್ರಮಟ್ಟದ ಅಥ್ಲೆಟಿಕ್ಸ್‌ನಲ್ಲಿ ಕೇಳಿಬಂತು. ಒಂದು ಜನಾಂಗ ಮೊದಲ ಬಾರಿಗೆ ದೇಶದ ಕಣ್ಣಿಗೆ ಬಿದ್ದದ್ದು ಹಾಗೆ.

1993ರಲ್ಲಿ ಆ ಯೋಜನೆ ನಿಂತಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಉಳಿದವರು ಊರಿಗೆ ಮರಳಿ ಕೂಲಿ, ಗದ್ದೆ, ಕಾಡುತ್ಪನ್ನದ ಬದುಕಿಗೆ ಬಿದ್ದರು. ತರಬೇತಿಗೆಂದು ಹೋದಾಗ ಬಿಟ್ಟ ಓದು ಹಾಗೇ ಬಿಟ್ಟುಹೋಯಿತು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ, ಅಂದರೆ ಯೋಜನೆ ಮುಚ್ಚಿ ಹತ್ತು ವರ್ಷವಾದ ಮೇಲೆ. ಆ ನಡುವಿನ ಹತ್ತು ವರ್ಷ ಅವರಿಗೆ ಆಟದ ಆಸರೆಯೂ ಇರಲಿಲ್ಲ, ಮೀಸಲಾತಿಯ ಆಸರೆಯೂ ಇರಲಿಲ್ಲ. ನಮ್ಮ ಜಿಲ್ಲೆ ಕಂಡ ಅತಿ ದೊಡ್ಡ 'ರಿಲೀಸ್ ಪಟ್ಟಿ' ಇದು. ಇದರ ಬಗ್ಗೆ ಬೆಂಗಳೂರಿನಲ್ಲಿ ಯಾವ ಅಭಿಮಾನಿಯೂ ಸಿಟ್ಟಾಗಲಿಲ್ಲ.

ಆ ಯೋಜನೆಯ ಬುಡದಲ್ಲೇ ಇನ್ನೊಂದು ತಪ್ಪಿತ್ತು. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು, ಆದ್ದರಿಂದ ಓಟ ಇವರ ರಕ್ತದಲ್ಲೇ ಇದೆ ಎಂಬ ನಂಬಿಕೆ ಅದು. ರಕ್ತ ನೋಡಿ ಆರಿಸಿದವರು ಫಲವನ್ನೂ ಪುಕ್ಕಟೆಯಾಗಿ, ಬೇಗನೆ ಬಯಸಿದರು. ಓಟಗಾರ್ತಿ ರೂಪುಗೊಳ್ಳಲು ಎಂಟು ಹತ್ತು ವರ್ಷ ಹೊಟ್ಟೆ ತುಂಬ ಊಟ ಬೇಕು, ಒಳ್ಳೆಯ ಕೋಚ್ ಬೇಕು, ಗಾಯಕ್ಕೆ ವೈದ್ಯರು ಬೇಕು, ಮನೆಗೆ ಒಂದಿಷ್ಟು ಧೈರ್ಯ ಬೇಕು. ಆರು ವರ್ಷಕ್ಕೆ ಬಾಗಿಲು ಹಾಕಿ, ಒಲಿಂಪಿಕ್ಸ್ ಪದಕ ಬರಲಿಲ್ಲ ಎನ್ನುವುದು ನ್ಯಾಯವಲ್ಲ. ಇವತ್ತಿಗೂ ಸಿದ್ದಿ ಮಕ್ಕಳ ಬಗ್ಗೆ ಮಾತು ಬಂದರೆ 'ನೈಸರ್ಗಿಕ ಪ್ರತಿಭೆ' ಎನ್ನುವ ಅಧಿಕಾರಿಗಳಿದ್ದಾರೆ. ದಯವಿಟ್ಟು ಆ ಹೊಗಳಿಕೆ ನಿಲ್ಲಿಸಿ, ಹಾಲು ಮೊಟ್ಟೆಯ ಬಿಲ್ಲು ಸಮಯಕ್ಕೆ ಪಾಸು ಮಾಡಿ.

ಕೈಬಿಡುವುದಕ್ಕೂ ನಿಯಮ ಬರೆಯಬಹುದೆಂದು ತಿಳಿಯಲು ಈಗ ಅಮೆರಿಕದ ಕಡೆ ಒಮ್ಮೆ ನೋಡೋಣ. ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆಟಕ್ಕಿಂತ ಆಟವಿಲ್ಲದ ತಿಂಗಳುಗಳ ಸುದ್ದಿಯೇ ಹೆಚ್ಚು. ಯಾರನ್ನು ಕೊಂಡರು, ಯಾರನ್ನು ಬದಲಿಗೆ ಕೊಟ್ಟರು, ಯಾರನ್ನು ಬಿಟ್ಟರು ಎಂದು ವರ್ಷವಿಡೀ ಚರ್ಚೆ. 2025ರ ಆಗಸ್ಟ್ ಕೊನೆಯಲ್ಲಿ ಡಲ್ಲಾಸ್ ತಂಡ ತನ್ನ ಅತ್ಯುತ್ತಮ ರಕ್ಷಣಾ ಆಟಗಾರ ಮೈಕಾ ಪಾರ್ಸನ್ಸ್ ಅವರನ್ನೇ ಗ್ರೀನ್ ಬೇ ತಂಡಕ್ಕೆ ಕೊಟ್ಟಾಗ ಇಡೀ ದೇಶ ಅದನ್ನೇ ಮಾತಾಡಿತು. ಅದು ಕರುಣೆಯ ವ್ಯಾಪಾರವಲ್ಲ. ಬೇಸಿಗೆಯಲ್ಲಿ 90 ಮಂದಿಯನ್ನು ಇಟ್ಟುಕೊಂಡ ತಂಡ ಋತು ಶುರುವಾಗುವ ಮುನ್ನ 53 ಮಂದಿಗೆ ಇಳಿಯಬೇಕು. ಒಂದೆರಡು ದಿನಗಳಲ್ಲಿ ನೂರಾರು ಯುವಕರ ಕೆಲಸ ಹೋಗುತ್ತದೆ.

ಆದರೆ ಆ ನಿರ್ದಯ ವ್ಯಾಪಾರಕ್ಕೂ ಬರೆದಿಟ್ಟ ಕಟ್ಟಳೆಗಳಿವೆ. ನಾಲ್ಕು ಋತು ಪೂರೈಸದ ಆಟಗಾರನನ್ನು ಬಿಟ್ಟರೆ ಅವನ ಹೆಸರು ಉಳಿದ 31 ತಂಡಗಳ ಮುಂದೆ ಹೋಗುತ್ತದೆ. ಹಿಂದುಳಿದ ತಂಡಕ್ಕೆ ಮೊದಲ ಅವಕಾಶ. ಯಾರೂ ಕರೆಯದಿದ್ದರೆ ಅಭ್ಯಾಸ ತಂಡ ಎಂಬ ಇನ್ನೊಂದು ಮೆಟ್ಟಿಲಿದೆ. ಪ್ರತಿ ತಂಡವೂ ಹದಿನಾರು ಹದಿನೇಳು ಮಂದಿಯನ್ನು ವಾರದ ಸಂಬಳ ಕೊಟ್ಟು ಅಲ್ಲಿ ಇಟ್ಟುಕೊಳ್ಳಬಹುದು. ಆಟದಲ್ಲಿ ಗಾಯಗೊಂಡವನನ್ನು ಬರಿಗೈಯಲ್ಲಿ ಹೊರಗೆ ಹಾಕುವಂತಿಲ್ಲ. ಪಟ್ಟಿಯಲ್ಲಿ ಇಟ್ಟುಕೊಳ್ಳಬೇಕು, ಇಲ್ಲವೇ ಪರಿಹಾರ ಕೊಟ್ಟು ಕಳಿಸಬೇಕು. ಇವೆಲ್ಲ ಮಾಲೀಕರ ಔದಾರ್ಯದಿಂದ ಬಂದ ಕಟ್ಟಳೆಗಳಲ್ಲ. ತಂಡ ಆರಿಸಿಕೊಳ್ಳುವ ಸ್ವಾತಂತ್ರ್ಯ ಬೇಕೆಂದು ಅಲ್ಲಿನ ಆಟಗಾರರು ಮುಷ್ಕರ ಹೂಡಿದ್ದು 1987ರಲ್ಲಿ. ಮುಷ್ಕರ ಸೋತಿತು, ಅವರು ನ್ಯಾಯಾಲಯ ಹತ್ತಿದರು, 1993ರಲ್ಲಿ ಆ ಹಕ್ಕು ಪಡೆದರು. ಸರಿಯಾಗಿ ಅದೇ ಆರು ವರ್ಷಗಳಲ್ಲಿ ನಮ್ಮ ಸಿದ್ದಿ ಮಕ್ಕಳನ್ನು ಆರಿಸಿದ್ದೂ ಆಯಿತು, ಬಿಟ್ಟದ್ದೂ ಆಯಿತು. ಅಲ್ಲಿನವರಿಗೆ ಸಂಘವಿತ್ತು, ವಕೀಲರಿದ್ದರು. ಇಲ್ಲಿನವರಿಗೆ ತಮ್ಮನ್ನು ಯಾಕೆ ಮನೆಗೆ ಕಳಿಸಿದರು ಎಂದು ಕೇಳಲು ಒಂದು ಕಚೇರಿಯೂ ಇರಲಿಲ್ಲ.

ಇವತ್ತಿನ ಹಳಿಯಾಳಕ್ಕೆ ಬರೋಣ. ಇದು ಕುಸ್ತಿಯ ಊರು. ಇಲ್ಲಿ ಮಣ್ಣಿನ ಅಖಾಡವೂ ಇದೆ, ಮ್ಯಾಟೂ ಇದೆ. ಕ್ರೀಡಾ ಇಲಾಖೆಯ ಕುಸ್ತಿ ವಸತಿನಿಲಯವಿದೆ. ವಿ.ಆರ್. ದೇಶಪಾಂಡೆ ಸ್ಮಾರಕ ಟ್ರಸ್ಟ್ ನಡೆಸುವ ಪಂದ್ಯಾವಳಿಗೆ ಬೇರೆ ರಾಜ್ಯಗಳ ಪೈಲ್ವಾನರೂ ಬರುತ್ತಾರೆ. ಮರಾಠರ ಮನೆಯ, ಗೌಳಿಗರ ಮನೆಯ, ಸಿದ್ದಿಗಳ ಮನೆಯ ಮಕ್ಕಳು ಒಂದೇ ಮ್ಯಾಟಿನ ಮೇಲೆ ಪಟ್ಟು ಕಲಿಯುವ ತಾಲ್ಲೂಕು ಇದು. ಸಿದ್ದಿ ಹೆಣ್ಣುಮಕ್ಕಳು ಇಲ್ಲಿಂದ ರಾಷ್ಟ್ರಮಟ್ಟಕ್ಕೆ ಹೋಗಿ ಪದಕ ತಂದಿದ್ದಾರೆ. ವಸತಿನಿಲಯದ ಆಯ್ಕೆಯ ದಿನ ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ಬೆಳಗಿನ ಮೊದಲ ಬಸ್ಸಿಗೆ ಬಂದ ಅಪ್ಪ ಅಮ್ಮ ಮೈದಾನದಂಚಿನಲ್ಲಿ ಕೂತಿರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಧಾರ್, ಜಾತಿ ಪ್ರಮಾಣಪತ್ರ, ಶಾಲೆಯ ದಾಖಲೆ. ಮಗಳ ಎತ್ತರ ಅಳೆಯುತ್ತಾರೆ, ತೂಕ ನೋಡುತ್ತಾರೆ, ನಿಂತಲ್ಲಿಂದ ಜಿಗಿಸುತ್ತಾರೆ, ಓಡಿಸಿ ಗಡಿಯಾರ ಹಿಡಿಯುತ್ತಾರೆ. ಪಟ್ಟಿಯಲ್ಲಿ ಹೆಸರು ಬಂತೆಂದರೆ ಒಂದು ಹೊಟ್ಟೆ, ಒಂದು ಓದು, ಒಂದು ಕನಸು ಮೂರರ ಭಾರವೂ ಸರ್ಕಾರದ ಹೆಗಲಿಗೆ ಬಂದಂತೆ. ಆ ಭಾರವನ್ನು ನಡುದಾರಿಯಲ್ಲಿ ಇಳಿಸುವವರು ಕಾರಣವನ್ನಾದರೂ ಹೇಳಬೇಡವೇ?

ಇದೇ ಕುಸ್ತಿಗೆ 2015ರಲ್ಲಿ ಲೀಗ್ ಬಂತು. ಪ್ರೊ ರೆಸ್ಲಿಂಗ್ ಲೀಗಿನ ಮೊದಲ ಋತುವಿನಲ್ಲಿ 'ಬೆಂಗಳೂರು ಯೋಧಾಸ್' ಎಂಬ ತಂಡವೂ ಇತ್ತು. ಅದರ ದೊಡ್ಡ ಹೆಸರುಗಳು ನರಸಿಂಗ್ ಯಾದವ್, ಬಜರಂಗ್ ಪೂನಿಯಾ. ಇಬ್ಬರೂ ದೊಡ್ಡ ಪೈಲ್ವಾನರು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಎರಡನೇ ಋತುವಿಗೆ ಬೆಂಗಳೂರಿನ ತಂಡವೇ ಇರಲಿಲ್ಲ. ಬೆಂಗಳೂರಿನ ಹೆಸರು ಇಟ್ಟುಕೊಂಡು ಬಂದ ತಂಡ ಹಳಿಯಾಳಕ್ಕೆ, ಧಾರವಾಡಕ್ಕೆ, ಬೆಳಗಾವಿಗೆ ಒಂದು ಮ್ಯಾಟನ್ನಾದರೂ ಬಿಟ್ಟುಹೋಗಬೇಕು ಎಂದು ಯಾವ ಕರಾರಿನಲ್ಲೂ ಯಾರೂ ಕೇಳಿರಲಿಲ್ಲ.

ಕಬಡ್ಡಿಯಲ್ಲೂ ಅದೇ ಕಥೆ ಸ್ವಲ್ಪ ಬೇರೆ ಬಣ್ಣದಲ್ಲಿದೆ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ತಂಡ 2019ರ ಜನವರಿಯಲ್ಲಿ ಗುಜರಾತನ್ನು 38–33ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಆ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅವರು ದೆಹಲಿಯ ಹುಡುಗ, ಅಂದು ಕರ್ನಾಟಕವೆಲ್ಲ ಅವರನ್ನು ತನ್ನವನೆಂದಿತು. 2022ರ ಹರಾಜಿಗೆ ಮುನ್ನ ಬುಲ್ಸ್ ಅವರನ್ನು ಬಿಟ್ಟಿತು. ತಮಿಳು ತಲೈವಾಸ್ ₹2.26 ಕೋಟಿ ಕೊಟ್ಟು ಕೊಂಡಿತು. ಪವನ್‌ಗೆ ನಷ್ಟವಾಗಲಿಲ್ಲ. ತಾರೆಗಳಿಗೆ ಮಾರುಕಟ್ಟೆಯೇ ಕಾವಲು. ಕಾವಲಿಲ್ಲದವರು ತಾರೆಯಾಗುವ ಮೊದಲೇ ಪಟ್ಟಿಯಿಂದ ಬೀಳುವವರು.

'ಆಟದಲ್ಲಿ ಸ್ಥಳೀಯತೆ ತಂದರೆ ಗುಣಮಟ್ಟ ಬೀಳುತ್ತದೆ' ಎಂದು, ತಂಡಗಳು ಊರಿನ ಮಕ್ಕಳನ್ನೂ ಬೆಳೆಸಲಿ ಎಂದಾಗ ಉತ್ತರ ಬರುತ್ತದೆ. ಗಂಭೀರವಾದ ಮಾತು, ಗಂಭೀರವಾಗಿಯೇ ಎದುರಿಸಬೇಕು. ಸ್ಪೇನಿನ ಬಿಲ್ಬಾವೊ ನಗರದ ಅಥ್ಲೆಟಿಕ್ ಕ್ಲಬ್ ನೂರಕ್ಕೂ ಹೆಚ್ಚು ವರ್ಷಗಳಿಂದ ಬಾಸ್ಕ್ ನಾಡಿನಲ್ಲಿ ಹುಟ್ಟಿದ ಅಥವಾ ಅಲ್ಲಿ ಆಟ ಕಲಿತವರನ್ನು ಮಾತ್ರ ಆಡಿಸುತ್ತ ಬಂದಿದೆ. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಬಿಟ್ಟರೆ ಅಲ್ಲಿನ ಮೊದಲ ದರ್ಜೆಯ ಲೀಗಿನಿಂದ ಒಮ್ಮೆಯೂ ಕೆಳಗಿಳಿಯದ ತಂಡ ಅದೊಂದೇ. 2024ರಲ್ಲಿ ಸ್ಪೇನಿನ ರಾಜಕಪ್ ಗೆದ್ದಿತು. ಇನ್ನು ಪಾರ್ಸನ್ಸ್ ಅವರನ್ನು ಕೊಂಡ ಗ್ರೀನ್ ಬೇ ನಮ್ಮ ಪಕ್ಕದ ದಾಂಡೇಲಿಯ ಎರಡರಷ್ಟು ಜನಸಂಖ್ಯೆಯ ಊರು. ಆ ತಂಡಕ್ಕೆ ಒಬ್ಬ ಶ್ರೀಮಂತ ಮಾಲೀಕನಿಲ್ಲ. 5 ಲಕ್ಷಕ್ಕೂ ಹೆಚ್ಚು ಸಾಮಾನ್ಯ ಷೇರುದಾರರದು ಅದು. ಹೊರಗಿನ ಆಟಗಾರರನ್ನು ಅದು ಧಾರಾಳವಾಗಿ ತರುತ್ತದೆ, ಆದರೆ ಊರು ಬಿಟ್ಟು ಹೋಗುವುದಿಲ್ಲ. ಊರಿಗೆ ಕಟ್ಟುಬಿದ್ದು ಗೆಲ್ಲಲು ಹಲವು ದಾರಿಗಳಿವೆ ಎಂಬುದಕ್ಕೆ ಈ ಎರಡು ಸಾಕ್ಷಿ ಸಾಕು. ಐಪಿಎಲ್ಲಿನ ಮೊದಲ ವರ್ಷಗಳಲ್ಲೇ ತಂಡಗಳು ತಮ್ಮ ಪ್ರದೇಶದ ಆಟಗಾರರನ್ನು ಇಟ್ಟುಕೊಳ್ಳಬೇಕೆಂಬ ನಿಯಮವಿತ್ತು. ಅದನ್ನು ಆಮೇಲೆ ಕೈಬಿಡಲಾಯಿತು. ಆದ್ದರಿಂದ ನಾನು ಕೇಳುತ್ತಿರುವುದು ಹೊಸದೇನೂ ಅಲ್ಲ.

ಬಿಲ್ಬಾವೊದಷ್ಟು ಕಟ್ಟುನಿಟ್ಟು ನನಗೆ ಬೇಡ. ಹೊರಗಿನವರು ಬರಲಿ, ಗೆಲ್ಲಿಸಲಿ, ಅವರಿಗೆ ನಾವೇ ಹಾರ ಹಾಕೋಣ. ನನ್ನ ಬೇಡಿಕೆಗಳು ಮೂರು.

ಮೊದಲನೆಯದು ಲೀಗ್ ತಂಡಗಳ ಕುರಿತದ್ದು. ಕಬಡ್ಡಿ ತಂಡ ಆಡುತ್ತಿದ್ದ ಕಂಠೀರವ ಒಳಾಂಗಣ ಕ್ರೀಡಾಂಗಣ ಸರ್ಕಾರದ್ದು. ಚಿನ್ನಸ್ವಾಮಿ ಕ್ರೀಡಾಂಗಣ ನಿಂತಿರುವ ನೆಲವೂ ಸರ್ಕಾರ ಗುತ್ತಿಗೆಗೆ ಕೊಟ್ಟದ್ದು. ಬಂದೋಬಸ್ತಿಗೆ ನಿಲ್ಲುವುದು ನಮ್ಮ ಪೊಲೀಸರು. ಇಷ್ಟು ಕೊಡುವ ರಾಜ್ಯ ಪ್ರತಿಯಾಗಿ ಒಂದು ಷರತ್ತು ಹಾಕಲಿ: ಕರ್ನಾಟಕದ ಊರಿನ ಹೆಸರಿಟ್ಟುಕೊಂಡ ಪ್ರತಿ ತಂಡವೂ ಜಿಲ್ಲೆಗಳಿಂದ ಆರಿಸಿದ ಯುವಕರ ಅಭ್ಯಾಸ ತಂಡವೊಂದನ್ನು ಸಂಬಳ ಕೊಟ್ಟು, ಕನಿಷ್ಠ ಎರಡು ವರ್ಷದ ಕರಾರಿನ ಮೇಲೆ ಇಟ್ಟುಕೊಳ್ಳಬೇಕು. ಅವರನ್ನು ಪಂದ್ಯದಲ್ಲಿ ಆಡಿಸುವುದು ಬಿಡುವುದು ಕೋಚ್‌ಗೆ ಸೇರಿದ್ದು. ಕಲಿಸುವುದು ಕಡ್ಡಾಯವಾಗಲಿ.

ಎರಡನೆಯದು ಸರ್ಕಾರದ ಸ್ವಂತ ಮನೆಗೆ ಸಂಬಂಧಿಸಿದ್ದು. ಕ್ರೀಡಾ ವಸತಿನಿಲಯದಿಂದ ಯಾವ ಮಗುವನ್ನೇ ಬಿಡಲಿ, ಕಾರಣವನ್ನು ಕನ್ನಡದಲ್ಲಿ ಬರೆದು ಪೋಷಕರ ಕೈಗೆ ಕೊಡಬೇಕು. ಮೇಲ್ಮನವಿಗೆ ಅವಕಾಶವಿರಬೇಕು. ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಊಟ, ವಸತಿ, ಶಾಲೆ ಮುಂದುವರಿಯಬೇಕು. ಗಾಯಗೊಂಡ ಮಗುವಿನ ಚಿಕಿತ್ಸೆ ಮುಗಿಯುವ ತನಕ ಹೆಸರು ಪಟ್ಟಿಯಿಂದ ತೆಗೆಯುವಂತಿಲ್ಲ. ಪದಕ ಗೆದ್ದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಕ್ರೀಡಾ ಕೋಟಾ ಇದೆ, ಒಳ್ಳೆಯದೇ. ಪದಕದ ಹತ್ತಿರ ಹೋಗಿ ಬಿದ್ದವರಿಗೆ ಕೋಚ್, ದೈಹಿಕ ಶಿಕ್ಷಕ, ತೀರ್ಪುಗಾರ ಆಗುವ ದಾರಿಯನ್ನೂ ತೆರೆಯಬೇಕು. ಹಳಿಯಾಳ, ಜೊಯಿಡಾ, ಮುಂಡಗೋಡದ ಎಷ್ಟೋ ಶಾಲೆಗಳಿಗೆ ಅಂಥವರೇ ಬೇಕಾಗಿದ್ದಾರೆ.

ಮೂರನೆಯದು ಹಣ ಬೇಡದ ಬೇಡಿಕೆ. 1987ರಿಂದ 1993ರವರೆಗೆ ಆ ಯೋಜನೆಗೆ ಸೇರಿದ್ದ ಸಿದ್ದಿ ಕ್ರೀಡಾಪಟುಗಳ ಪೂರ್ತಿ ಪಟ್ಟಿಯನ್ನು ಪ್ರಾಧಿಕಾರ ಬಹಿರಂಗಪಡಿಸಲಿ. ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಯಾಕೆ ಬಿಟ್ಟರು ಎಂಬುದು ದಾಖಲಾಗಲಿ. ಅವರೆಲ್ಲ ಈಗ ನಡುವಯಸ್ಸು ದಾಟುತ್ತಿದ್ದಾರೆ. ಅವರ ಅನುಭವ ಕೇಳದೆ ಮುಂದಿನ ಯಾವ ಯೋಜನೆ ಬರೆದರೂ ಅದು ಹಳೆಯ ತಪ್ಪಿನ ಮರುಮುದ್ರಣವಾಗುತ್ತದೆ.

ಹರಾಜಿನ ದಿನ ಸಿಟ್ಟಾಗುವ ಅಭಿಮಾನಿಗಳಲ್ಲಿ ನನ್ನದೊಂದು ಕೋರಿಕೆ. ಆ ಸಿಟ್ಟನ್ನು ನಾಲ್ಕು ದಿನಕ್ಕೆ ಮುಗಿಸಬೇಡಿ. ನಿಮ್ಮ ತಾಲ್ಲೂಕಿನ ಕ್ರೀಡಾ ವಸತಿನಿಲಯದಿಂದ ಈ ವರ್ಷ ಎಷ್ಟು ಮಕ್ಕಳನ್ನು ಬಿಟ್ಟರು, ಯಾಕೆ ಬಿಟ್ಟರು ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಉತ್ತರವನ್ನು ನಿಮ್ಮ ಶಾಸಕರ ಮುಂದಿಡಿ. ನೂರು ತಾಲ್ಲೂಕಿನಿಂದ ಇಂಥ ನೂರು ಅರ್ಜಿ ಹೋದರೆ ಇಲಾಖೆ ನಿಯಮ ಬರೆಯಲೇಬೇಕಾಗುತ್ತದೆ.