ಫಾಲ್ಸ್ ಸೀಲಿಂಗ್ ಮೇಲಿನ ತೂತಿಗೆ ಹೊಣೆ ಯಾರು?

ಆಸ್ಪತ್ರೆಯ ಕಾರಿಡಾರಿನಲ್ಲಿ ಏಣಿ ಹಾಕಿ, ಫಾಲ್ಸ್ ಸೀಲಿಂಗಿನ ಟೈಲು ಸರಿಸಿ ಕೇಬಲ್ ಎಳೆಯುವವರನ್ನು ಸಾಮಾನ್ಯವಾಗಿ ಯಾರೂ ತಡೆದು ಕೇಳುವುದಿಲ್ಲ. ಅರ್ಧ ಗಂಟೆಯ ಕೆಲಸ ತಾನೇ ಎಂಬ ಭಾವನೆ. ಆದರೆ ಆ ಟೈಲಿನ ಮೇಲೆ ಆಮ್ಲಜನಕದ ತಾಮ್ರದ ಪೈಪು, ಎ.ಸಿ. ಡಕ್ಟ್, ವಿದ್ಯುತ್ ತಂತಿಗಳು ಒತ್ತೊತ್ತಾಗಿ ಸಾಗಿರುತ್ತವೆ. ಒಂದು ಭಾಗದ ಬೆಂಕಿ, ಹೊಗೆ ಇನ್ನೊಂದಕ್ಕೆ ದಾಟದಂತೆ ತಡೆಯುವ ಗೋಡೆಯೂ ಟೈಲಿನ ಹತ್ತಿರ ನಿಲ್ಲದೆ ಸ್ಲ್ಯಾಬಿನವರೆಗೆ ಏರಿರಬೇಕು. ಸಿಸಿಟಿವಿ ಕೇಬಲ್ಲಿಗೆಂದು ಕೊರೆದ ತೂತನ್ನು ಹಾಗೇ ಬಿಟ್ಟರೆ, ಇಲ್ಲವೇ ಉರಿಯುವಂಥ ಮಾಮೂಲಿ ಫೋಮ್ ತುಂಬಿ ಕೈತೊಳೆದುಕೊಂಡರೆ, ಅಷ್ಟು ಖರ್ಚು ಮಾಡಿ ಕಟ್ಟಿದ ಗೋಡೆ ಹೊಗೆಯನ್ನು ತಡೆಯುವುದಿಲ್ಲ. ಟೈಲು ಮತ್ತೆ ಕೂತ ಮೇಲೆ ಆ ತೂತು ಯಾರ ಕಣ್ಣಿಗೂ ಬೀಳದು.

2011ರ ಡಿಸೆಂಬರ್ 9ರಂದು ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹೊತ್ತಿಕೊಂಡಾಗ ಸುಮಾರು 90 ಜನ ಸತ್ತರು. ಹೆಚ್ಚಿನವರು ಮೇಲಿನ ಮಹಡಿಗಳಿಗೆ ಹರಡಿದ ಹೊಗೆಯಿಂದ ಉಸಿರುಗಟ್ಟಿ ಸತ್ತವರು. ಅದಕ್ಕೆ ಸೀಲಿಂಗಿನ ತೂತೇ ಕಾರಣವೆಂದು ನಾನು ಹೇಳುತ್ತಿಲ್ಲ; ಎದ್ದು ಓಡಲಾಗದವರು ಮಲಗಿರುವ ಕಟ್ಟಡದಲ್ಲಿ ಹೊಗೆಗೆ ದಾರಿ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ವೆಂಟಿಲೇಟರಿನಲ್ಲಿರುವ ರೋಗಿಯನ್ನು ಮೆಟ್ಟಿಲಿಳಿಸುವುದು ಬಲು ಕಷ್ಟ. ಅವರನ್ನು ಅದೇ ಮಹಡಿಯಲ್ಲಿ ಗೋಡೆಯ ಆಚೆಗೆ ಸಾಗಿಸುವುದೇ ಮೊದಲ ಉಪಾಯ. ಆ ಗೋಡೆ ತೂತಾಗಿದ್ದರೆ ಸಾಗಿಸಿ ಫಲವೇನು? ಬೆಂಕಿ ಇಲ್ಲದ ದಿನವೂ ಅಪಾಯ ತಪ್ಪಿದ್ದಲ್ಲ. ಟೈಲು ಎತ್ತಿದಾಗ ಉದುರುವ ದೂಳಿನಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಣಗಳಿರಬಹುದು. ಆರೋಗ್ಯವಂತರಿಗೆ ಅವು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ರಕ್ತದ ಕ್ಯಾನ್ಸರಿನವರಿಗೆ, ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರಿಗೆ ಜೀವ ತೆಗೆಯುವ ಶ್ವಾಸಕೋಶದ ಸೋಂಕು ತರಬಲ್ಲವು.

ಆದ್ದರಿಂದ ಯಾವ ಆಸ್ಪತ್ರೆಯಲ್ಲೂ ಲಿಖಿತ ಅನುಮತಿಯಿಲ್ಲದೆ ಒಂದು ಟೈಲನ್ನೂ ಎತ್ತಕೂಡದು. ಯಾರು, ಎಲ್ಲಿ, ಯಾವ ಗೋಡೆ ಕೊರೆಯುತ್ತಾರೆ, ಸೋಂಕು ನಿಯಂತ್ರಣ ನರ್ಸ್ ಒಪ್ಪಿದ್ದಾರೆಯೇ ಎಂದು ಬರೆಯಲು ಒಂದು ಹಾಳೆ ಸಾಕು. ಬೆಂಕಿ ತಡೆಯುವ ಸೀಲೆಂಟ್ ತುಂಬಿ ಮುಚ್ಚಿದ ತೂತಿನ ಫೋಟೊ ನೋಡಿದ ಮೇಲಷ್ಟೇ ಗುತ್ತಿಗೆದಾರನ ಬಿಲ್ಲಿಗೆ ಸಹಿ ಬೀಳಬೇಕು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವಾಳ ಈ ಕೊನೆಯ ಷರತ್ತು.

ಕಾಗದಪತ್ರದಿಂದ ಕೆಲಸ ತಡವಾಗುತ್ತದೆ, ನೀರು ಸೋರುವಾಗ ಸಹಿಗೆ ಕಾಯಲಾದೀತೇ ಎಂದು ಕೇಳುವವರಿದ್ದಾರೆ. ಕಾಯಬೇಕಿಲ್ಲ, ಮೊದಲು ಸೋರಿಕೆ ನಿಲ್ಲಿಸಿ, ಅದೇ ಪಾಳಿಯಲ್ಲಿ ಬರೆದಿಡಲಿ. ಸಣ್ಣ ನರ್ಸಿಂಗ್ ಹೋಮುಗಳಿಗೆ ಇದು ಹೊರೆ ಎಂಬ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಅಲ್ಲಿ ಪ್ರತ್ಯೇಕ ಎಂಜಿನಿಯರ್ ಇರುವುದಿಲ್ಲ. ಆದರೂ ಒಬ್ಬ ಹಿರಿಯ ನರ್ಸ್ ಕೈಯಲ್ಲಿ ಒಂದು ರಿಜಿಸ್ಟರ್ ಇರಲಾರದಷ್ಟು ಸಣ್ಣ ಆಸ್ಪತ್ರೆ ಯಾವುದೂ ಇಲ್ಲ. ಇನ್ನು ತಪಾಸಣೆಗೆ ಬರುವ ಅಗ್ನಿಶಾಮಕ ಅಧಿಕಾರಿಗಳಲ್ಲಿ ಒಂದು ವಿನಂತಿ: ಬೆಂಕಿ ನಂದಿಸುವ ಸಿಲಿಂಡರಿನ ದಿನಾಂಕವಷ್ಟೇ ನೋಡಿ ಹೊರಡಬೇಡಿ. ಏಣಿ ತರಿಸಿ, ಐಸಿಯು ಬಾಗಿಲಿನ ಮೇಲಿನ ಎರಡು ಟೈಲು ತೆಗೆಸಿ, ಟಾರ್ಚ್ ಹಾಕಿ ಗೋಡೆ ನೋಡಿ.